ಎಂಜಿನ್ ಎತ್ತುವ ಒಡಪು

ಗಜೇಂದ್ರಗಡದಲ್ಲಿ ರೋಣದ ರಸ್ತೆಗೆ ಅಂಟಿಕೊಂಡ ಓಣಿಗೆ ಹೋಗಿ ಫಕೀರವ್ವನ ಮನೆ ಯಾವುದು ಎಂದು ಕೇಳಿ ನೋಡಿ. ಕೇಳಿದವರನ್ನೇ ತಿರುಗಿ ಕೇಳುತ್ತಾರೆ, ಯಾವ ಫಕೀರವ್ವ ಎಂದು. ಆ ಓಣಿಯಲ್ಲಿ ನೀರಿಗೆ ಬರ ಬಂದದ್ದುಂಟು, ಫಕೀರವ್ವಂದಿರಿಗೆ ಬಂದದ್ದಿಲ್ಲ. ಖಡಕ್ ರೊಟ್ಟಿ ಬಡಿದು ಮಾರುವ ಫಕೀರವ್ವ ಇದ್ದಾಳೆ, ಅಂಗನವಾಡಿಯ ಫಕೀರವ್ವ ಇದ್ದಾಳೆ, ನಳದ ಹತ್ತಿರ ಜಗಳ ತೆಗೆಯುವುದಕ್ಕೆಂದೇ ಹುಟ್ಟಿದ ಫಕೀರವ್ವನೂ ಇದ್ದಾಳೆ. ನಮಗೆ ಬೇಕಾದವಳು ಎಂಜಿನ್ ಎತ್ತುವ ಫಕೀರವ್ವ. ಹಾಗೆಂದರೆ ಯಾರಾದರೂ ಬೆರಳು ಮಾಡಿ ತೋರಿಸುತ್ತಾರೆ, ಆ ಕಮಾನು ಕಾಣುತ್ತದಲ್ಲ, ಅದೇ ಮನೆ ಎಂದು.

ಕಮಾನು ಎಂದರೆ ಗುಡಿಯ ಕಮಾನಲ್ಲ. ಅಂಗಳದಲ್ಲಿ ಎದುರುಬದುರು ಹುಗಿದು ನಿಲ್ಲಿಸಿದ ಎರಡು ಕಲ್ಲುಕಂಬ, ಅವುಗಳ ನೆತ್ತಿಯ ಮೇಲೆ ಅಡ್ಡ ಮಲಗಿಸಿದ ಒಂದು ರೈಲು ಕಂಬಿ, ಅಷ್ಟೇ. ಲಾರಿಯ ಮೂತಿ ಅದರ ಕೆಳಗೆ ಸಲೀಸಾಗಿ ತೂರಬೇಕು, ಅಷ್ಟು ಅಗಲ, ಅಷ್ಟು ಎತ್ತರ. ಕಂಬಿಯ ನಟ್ಟನಡುವೆ ಚೈನ್ ಪುಲ್ಲಿ ತೂಗುಹಾಕಿದರೆ, ಗಾಳಿ ಬೀಸಿದರೆ ಹಾರಿಹೋಗುವಂಥ ಬಡಕಲು ಹೆಂಗಸು ಕೂಡ ನಿಂತಲ್ಲೇ ಚೈನು ಜಗ್ಗುತ್ತ ಲಾರಿಯ ಎಂಜಿನ್ನನ್ನು ಮೇಲೆತ್ತಬಹುದು. ಆ ಬಡಕಲು ಹೆಂಗಸೇ ಫಕೀರವ್ವ. ಬೆಳವಣಕಿಯ ತವರಿನಿಂದ ಬರುವಾಗ ಅವಳು ಅಲ್ಲಿಯವರೆಗೆ ಎತ್ತಿದ್ದ ಅತಿ ಭಾರದ ವಸ್ತು ನೀರಿನ ಕೊಡ.

ಈ ಸಲ ಸಂಕ್ರಮಣ ಮುಗಿದು ಬಿಸಿಲಿಗೆ ಮೆಲ್ಲಗೆ ಮೊನೆ ಬರುತ್ತಿದ್ದ ದಿನಗಳಲ್ಲಿ, ಆ ಕಮಾನಿನ ಕೆಳಗೆ ಕಡೆಯ ಬಾರಿ ಎಂಜಿನ್ ಎತ್ತುವುದೆಂದು ನಿಶ್ಚಯವಾಯಿತು. ಲಾರಿಯ ಯಜಮಾನ ಕನಕಪ್ಪ, ಅಂದರೆ ಫಕೀರವ್ವನ ಗಂಡ, ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ. ಹಿಂದಿನ ಮುಂಗಾರಿನಲ್ಲಿ ಲಕ್ವಾ ಹೊಡೆದಾಗಿನಿಂದ ಅವನ ಮಾತು ನಿಂತುಹೋಗಿದೆ. ಕೈ ಹಿಡಿದರೆ ನಡೆಯುತ್ತಾನೆ, ತುತ್ತು ಕೊಟ್ಟರೆ ನುಂಗುತ್ತಾನೆ. ಆದರೆ ಯಾರು ಕರೆದರೂ ಹೊರಳಿ ನೋಡುವುದಿಲ್ಲ. ಕಣ್ಣು ತೆರೆದಿರುತ್ತದೆ, ಕಣ್ಣಿನೊಳಗೆ ಅವನಿರುವುದಿಲ್ಲ. ಫಕೀರವ್ವನಿಗೆ ಬೇಕಾಗಿದ್ದುದು ಒಂದೇ: ಅವನು ಒಮ್ಮೆ ತಿರುಗಿ ಒಂದು ಮಾತಾಡಬೇಕು. ಬೈದರೂ ಸೈ, ಸಾರಿಗೆ ಉಪ್ಪಿಲ್ಲ ಎಂದು ತಾಟು ಸರಿಸಿದರೂ ಸೈ.

ಗದಗಿನ ದವಾಖಾನೆಯಲ್ಲಿ ಡಾಕ್ಟರಬಾಯಿ ಮನೆಗೆ ಕಳಿಸುವಾಗ ಅವಳನ್ನು ಬದಿಗೆ ಕರೆದು ತಿಳಿಸಿ ಹೇಳಿದ್ದಳು. ಎದುರಿಗೆ ಕೂತು ಹೆಸರು ಹಿಡಿದು ಕರೆಯಿರಿ, ದಿನಾ ಕರೆಯಿರಿ. ಹೊರಳಿ ನೋಡುವುದಕ್ಕೆ ಶುರು ಮಾಡಿದರೆ ಮಾತು ಬರುವ ಆಸೆ ಇಟ್ಟುಕೊಳ್ಳಬಹುದು ಎಂದು. ಫಕೀರವ್ವ ತಲೆಯಾಡಿಸಿದಳು. ಆ ಡಾಕ್ಟರ ಹುಡುಗಿ ಗೋಲಿ ಕೊಡು ಎಂದಿದ್ದರೆ ಕೊಡುತ್ತಿದ್ದಳು, ಕಾಲಿಗೆ ಎಣ್ಣೆ ತಿಕ್ಕು ಎಂದಿದ್ದರೆ ಬೆಳಗಾನ ತಿಕ್ಕುತ್ತಿದ್ದಳು. ಹೆಸರು ಹಿಡಿದು ಕರೆ ಎಂದಳಲ್ಲ, ಅಲ್ಲಿಗೆ ಅವಳ ಕೈ ಕಟ್ಟಿತು.

ಯಾಕೆಂದರೆ ಫಕೀರವ್ವ ಲಗ್ನವಾಗಿ ಬಂದಾಗಿನಿಂದ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯುಷ್ಯ ಸವೆಯುತ್ತದೆ ಎಂದು ಅವಳ ಅವ್ವ ಹೇಳಿದ್ದಳು, ಅವ್ವನಿಗೆ ಅವಳವ್ವ ಹೇಳಿದ್ದಳು. ಬ್ಯಾಂಕಿನಲ್ಲಿ ಸಾಹೇಬರು ಗಂಡನ ಹೆಸರು ಕೇಳಿದರೆ ಸೆರಗಿನ ಮರೆಯಲ್ಲಿ ನಕ್ಕು ಮಗನ ಮೊಳಕೈ ತಿವಿಯುತ್ತಿದ್ದಳು. ಕಾಲಕಾಲೇಶ್ವರನ ಗುಡಿಯಲ್ಲಿ ಪೂಜಾರಿ ಯಾರ ಹೆಸರಿನಲ್ಲಿ ಪೂಜೆ ಎಂದರೆ, ದೇವರಿಗೆ ಗೊತ್ತಿಲ್ಲೇನು ಎನ್ನುತ್ತಿದ್ದಳು. ಸೊಸೆ ರೇಷ್ಮಾ ಗಂಡನನ್ನು "ಹಾಲೇಶ, ಚಹಾ ಆರಿತು ನೋಡು" ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗುತ್ತಾಳೆ. ಅದಕ್ಕೆ ಫಕೀರವ್ವನ ತಕರಾರಿಲ್ಲ. ಅವರ ಕಾಲ ಅವರಿಗೆ, ತನ್ನ ನಾಲಿಗೆ ತನಗೆ.

ಹೆಸರು ಹೇಳುವುದಕ್ಕೆ ಇದ್ದದ್ದು ಒಂದೇ ದಾರಿ, ಒಡಪು. ಲಗ್ನದಲ್ಲಿ, ಹೊಸ್ತಿಲಲ್ಲಿ ನಾದಿನಿಯರು ಅಡ್ಡಗಟ್ಟಿ ನಿಂತಾಗ, ಎರಡು ಸಾಲು ಪ್ರಾಸ ಕಟ್ಟಿ ಕೊನೆಗೆ ಗಂಡನ ಹೆಸರು ಸೇರಿಸಿ ಹೇಳಿದರೆ ಅದಕ್ಕೆ ದೋಷವಿಲ್ಲ. ಈ ಒಡಪು ಮದುವೆಯ ಚಪ್ಪರದಿಂದ ಲಾರಿಯ ಎಂಜಿನ್ನಿಗೆ ಹ್ಯಾಗೆ ಬಂತು ಎಂಬುದೇ ಫಕೀರವ್ವನ ಕತೆ.

ಕನಕಪ್ಪ ರಾಜೂರಿನ ಒಕ್ಕಲು ಮನೆಯವನು. ಮನೆಯವರೆಲ್ಲ ಎತ್ತಿನ ಹಿಂದೆ ನಡೆದರೆ ಇವನೊಬ್ಬ ಲಾರಿಯ ಹಿಂದೆ ಬಿದ್ದ. ಮೊದಲು ಕ್ಲೀನರ್, ಆಮೇಲೆ ಡ್ರೈವರ್, ಕಡೆಗೆ ಮೂತಿ ಮುಂದೆ ಚಾಚಿದ ಒಂದು ಹಳೆಯ ಲಾರಿಗೆ ತಾನೇ ಮಾಲಕ. ನರಗುಂದದ ಉಳ್ಳಾಗಡ್ಡಿ, ರೋಣದ ಶೇಂಗಾ, ಬ್ಯಾಡಗಿಗೆ ಹೋಗುವ ಮೆಣಸಿನಕಾಯಿ, ಯಾವುದು ಬಂದರೂ ಹೇರುವುದು. ಮೆಣಸಿನಕಾಯಿ ಹೇರಿ ಬಂದ ದಿನ ಮನೆಮಂದಿಯೆಲ್ಲ ಸೀನುತ್ತಿದ್ದರು. ಆ ಸೀನು ಕೇಳಿಯೇ ಓಣಿಯವರಿಗೆ ಕನಕಪ್ಪ ಊರಿಗೆ ಬಂದದ್ದು ಗೊತ್ತಾಗುತ್ತಿತ್ತು.

ಲಾರಿ ಹಳೆಯದಾದ್ದರಿಂದ ಎಂಜಿನ್ ಮೇಲಿಂದ ಮೇಲೆ ಕೈಕೊಡುತ್ತಿತ್ತು. ಹುಬ್ಬಳ್ಳಿಯ ಗ್ಯಾರೇಜಿಗೆ ಬಿಟ್ಟರೆ ಅವರು ಇವತ್ತು ನಾಳೆ ಎನ್ನುತ್ತ ಕೂಡುತ್ತಿದ್ದರು. ಲಾರಿ ಅಲ್ಲಿ ನಿಂತರೆ ಇಲ್ಲಿ ಒಲೆ ನಿಲ್ಲುತ್ತದೆ. ಕನಕಪ್ಪ ಹಟಮಾರಿ. ಎಂಜಿನ್ ನನ್ನದು, ಅಂಗಳ ನನ್ನದು, ನಾನೇ ಎತ್ತಿ ಇಳಿಸುತ್ತೇನೆ ಎಂದ. ಗದಗಿನ ಕಡೆ ಹಳೆಯ ರೈಲು ಹಳಿ ಕಿತ್ತಾಗ ಒಂದು ತುಂಡು ಕಂಬಿ ಲಾರಿಯಲ್ಲೇ ಬಂತು. ಕಂಬಗಳು ಗುಡ್ಡದ ಕಲ್ಲಿನವು. ಚೈನ್ ಪುಲ್ಲಿ ಲಕ್ಕಲಕಟ್ಟಿಯ ಬಾವಿ ತೋಡುವವರದು. ಬೋರು ಬಂದ ಮೇಲೆ ಅವರಿಗೆ ಬಾವಿಯ ಕೆಲಸ ತಪ್ಪಿತ್ತು, ಪುಲ್ಲಿ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿತ್ತು. ಕಮಾನು ಎದ್ದು ನಿಂತ ವರ್ಷವೇ ಪಂಚಮಿಯಲ್ಲಿ ಓಣಿಯ ಹೆಣ್ಣುಮಕ್ಕಳು ಅದಕ್ಕೆ ಜೋಕಾಲಿ ಕಟ್ಟಿದರು. ತವರಿಗೆ ಬಂದವರೆಲ್ಲ ಜೀಕಿದರು. ಎಂಜಿನ್ನಿಗೆಂದು ಮಾಡಿದ ಕಮಾನಿನಲ್ಲಿ ಮೊದಲು ಮೇಲೇರಿದವರು ಹೆಂಗಸರೇ.

ಮೊದಲ ಬಾರಿ ಎಂಜಿನ್ ಇಳಿಸಿದ್ದು ಹಾಲೇಶ ಇನ್ನೂ ತೊಟ್ಟಿಲಲ್ಲಿದ್ದಾಗ. ಲಾರಿಯ ಬಾನೆಟ್ಟು, ರೇಡಿಯೇಟರ್ ಎಲ್ಲ ಬಿಚ್ಚಿ ಅಂಗಳದ ತುಂಬ ಹರಡಿತ್ತು. ಕನಕಪ್ಪನ ಜೀವದ ಗೆಳೆಯ ಬಾಷಾಸಾಬ ಬಂದಿದ್ದ. ಚೈನು ಜಗ್ಗುವುದಕ್ಕೆ ಬರಬೇಕಾದವನು ಮಾತ್ರ ಬರಲಿಲ್ಲ. ಕನಕಪ್ಪ ಸುತ್ತ ನೋಡಿದ. ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಂಡಳು. ಬಾ ಎಂದು ಕಣ್ಣಲ್ಲೇ ಕರೆದ. ಅತ್ತೆ ಕಳಕವ್ವ ಒಳಗಿನಿಂದ ಗೊಣಗಿದಳು, ಬಾವಿ ನೀರು ಸೇದಿದ್ದಾಯಿತು, ಇನ್ನು ಇದೊಂದು ಬಾಕಿ ಇತ್ತು ಎಂದು.

ಫಕೀರವ್ವ ಚೈನು ಹಿಡಿದಳು. ಜಗ್ಗಿದಳು. ಕಟಕಟ ಎನ್ನುತ್ತ ಎಂಜಿನ್ ಒಂದು ಕೂದಲಷ್ಟು ಎದ್ದಿತು. ಮತ್ತೆ ಜಗ್ಗಿದಳು, ಮತ್ತೊಂದು ಕೂದಲಷ್ಟು. ತನ್ನ ಕೈಯಿಂದ ಇಂಥದೊಂದು ಕಬ್ಬಿಣದ ಕೋಣ ಮೇಲೇಳುತ್ತಿದೆ ಎಂಬುದನ್ನು ಅವಳಿಗೆ ನಂಬಲಾಗಲಿಲ್ಲ. ಎಂಜಿನ್ನಿನ ಒಂದು ಬದಿಗೆ ಕನಕಪ್ಪ, ಇನ್ನೊಂದು ಬದಿಗೆ ಬಾಷಾಸಾಬ, ಇಬ್ಬರೂ ಹಿಡಿದು ಅಲ್ಲಾಡಿಸುತ್ತ ಗೇರ್ ಬಾಕ್ಸಿನಿಂದ ಬಿಡಿಸುತ್ತಿದ್ದರು. ಒಮ್ಮೆಲೇ ಅದು ಬಿಟ್ಟುಕೊಂಡು ಗಂಡನ ಕಡೆ ವಾಲುವುದು ಅವಳಿಗೆ ಕಂಡಿತು. ಅವನ ಎಡಗೈ ಚಾಸಿಯ ಅಂಚಿನ ಮೇಲಿತ್ತು. ಕೂಗಬೇಕು. ಏನೆಂದು ಕೂಗುವುದು?

"ಏನ್ರಿ, ಕೈ ತಗೀರಿ" ಎಂದು ಕೂಗಿದಳು.

ಅವಳು ಬಾಷಾಸಾಬನಿಗೂ ಯಾವತ್ತೂ ರಿ ಹಚ್ಚಿಯೇ ಮಾತಾಡುವವಳು. ಪಾಪ, ಅವನು ತನಗೇ ಹೇಳಿದಳೆಂದುಕೊಂಡು ಆತು ಹಿಡಿದಿದ್ದ ಎರಡೂ ಕೈ ತೆಗೆದುಬಿಟ್ಟ. ಹೇಳಿದ್ದು ಬಾಷಾಸಾಬನಿಗೆ ಎಂದುಕೊಂಡು ಕನಕಪ್ಪ ಇಟ್ಟ ಕೈ ಅಲ್ಲೇ ಇಟ್ಟ. ಹಿಡಿದವರಿಲ್ಲದ ಎಂಜಿನ್ ಅವನ ಕಡೆ ತೂಗಿ ಬಂತು. ಕಿರುಬೆರಳಿನ ತುದಿ ಹೋಯಿತು.

ಕಳಕವ್ವ ಅರಿಷಿಣ ತುಂಬಿ ಅರಿವೆ ಸುತ್ತಿದಳು. ಫಕೀರವ್ವ ಮೂಲೆಯಲ್ಲಿ ಅಳುತ್ತ ನಿಂತಿದ್ದಳು, ಬೈಗುಳ ಈಗ ಬಂದೀತು, ಆಗ ಬಂದೀತು ಎಂದು. ಅತ್ತೆ ಕಣ್ಣೊರೆಸಿಕೊಂಡು ಹೇಳಿದ್ದೇ ಬೇರೆ: "ಹೆಸರ ಹಿಡದು ಕರೀಲಿಲ್ಲಲ್ಲ, ನೀನು ಶಾಣ್ಯಾಕಿ. ಬೆರಳ ಹೋದ್ರ ಹೋಗ್ಲಿ, ಆಯುಷ್ಯ ಉಳೀತು." ಅಳಬೇಕೋ ನಗಬೇಕೋ ತಿಳಿಯದೆ ಫಕೀರವ್ವ ಎರಡನ್ನೂ ಮಾಡಿದಳು.

ಎಂಜಿನ್ ಮಾತ್ರ ಅರ್ಧ ಎದ್ದು ತೂಗುತ್ತಲೇ ಇತ್ತು. ಮರುದಿನ ಕೈಗೆ ಅರಿವೆ ಕಟ್ಟಿಕೊಂಡೇ ಕನಕಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಬೀಡಿ ಸೇದಿದ. ಆಮೇಲೆ ಹೆಂಡತಿಯನ್ನು ಕರೆದು, ಲಗ್ನದಲ್ಲಿ ನನ್ನ ಹೆಸರು ಹೇಳಿದ್ದೆಯಲ್ಲ ಎಂದ. ಅದು ಒಡಪು ಎಂದಳು ಅವಳು. ಕನಕಪ್ಪನ ಮುಖ ಅರಳಿತು.

"ಹಂಗಾರ ಒಡಪ ಹೇಳಕೋತನ ಜಗ್ಗು. ಹೆಸರ ಬಂದ ಕೂಡ್ಲೆ ನಿಲ್ಲಸು. ನೀ ಒಡಪ ಹೇಳೂತನಕ ಯಾರೂ ಒಳಗ ಕೈ ಹಾಕೂದಿಲ್ಲ. ಹೆಸರ ಕೇಳಿದ ಮ್ಯಾಲೆ ಹಾಕತೀವಿ."

ಬಾಷಾಸಾಬ ತಲೆದೂಗಿದ. ಕಳಕವ್ವನೂ ಒಡಪಾದರೆ ಅಡ್ಡಿಯಿಲ್ಲ ಎಂದಳು. ಫಕೀರವ್ವನಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ಇಬ್ಬರು ಗಂಡಸರ ಮುಂದೆ, ಹಾಡುಹಗಲು, ಎಂಜಿನ್ನಿಗೆ ಒಡಪು ಹೇಳುವುದೆಂದರೆ ಏನು? ಲಗ್ನದಲ್ಲಿ ಹೇಳಿದ್ದನ್ನೇ ನೆನಪು ಮಾಡಿಕೊಂಡು, ಗೋಡೆಯ ಕಡೆ ಮುಖ ತಿರುಗಿಸಿ ಶುರು ಮಾಡಿದಳು.

"ಬಿಸಿ ರೊಟ್ಟಿಗಿ ಬೇಕ ಬೆಣ್ಣಿ ಇಲ್ಲಾ ತುಪ್ಪ, ನನ್ನ ಬಾಳಿಗಿ ಸಾಕ ನಮ್ಮ ಕನಕಪ್ಪ."

ಹೆಸರು ಬಂತು, ಕೈ ನಿಂತಿತು, ಎಂಜಿನ್ ನಿಂತಿತು. ಲಾರಿಯೊಳಗಿನಿಂದ ಕನಕಪ್ಪನ ದನಿ ಬಂತು: "ಇನ್ನೊಂದೀಟು." ಅಂದರೆ ಇನ್ನೊಂದು ಸ್ವಲ್ಪ ಎತ್ತು ಎಂದರ್ಥ. ಇನ್ನೊಂದೀಟು ಎಂದರೆ ಇನ್ನೊಂದು ಒಡಪು.

ಹೀಗೆ ಆ ಮನೆಯಲ್ಲಿ ಒಂದು ಪದ್ಧತಿ ಹುಟ್ಟಿತು. ಎಂಜಿನ್ ಇಳಿಸುವುದಿದೆ ಎಂದರೆ ಫಕೀರವ್ವ ಹಿಂದಿನ ದಿನದಿಂದಲೇ ರೊಟ್ಟಿ ಬಡಿಯುತ್ತ, ಹಿಟ್ಟು ನಾದುತ್ತ ಹೊಸ ಒಡಪು ಹೊಸೆಯುತ್ತಿದ್ದಳು. ಲೋಕದಲ್ಲಿ ಪ್ಪ ಎಂದು ಮುಗಿಯುವ ಮಾತುಗಳೆಲ್ಲ ಅವಳ ಉಡಿಗೆ ಬಿದ್ದವು. ಉಪ್ಪ ಬಂತು, ಸೊಪ್ಪ ಬಂತು, ಕಪ್ಪ ಬಂತು. ಕನಕಪ್ಪನಿಗೆ ಬಹಳ ಸೇರಿದ್ದು ಎರೆಮಣ್ಣಿನದು: "ಎರಿ ಹೊಲದ ಮಣ್ಣ ಎಷ್ಟ ತೊಳದ್ರೂ ಕಪ್ಪ, ಎಣ್ಣಿ ಕೈ ತೊಳಕೊಂಡು ಉಣ್ಣಾಕ ಬರ್ರಿ ಕನಕಪ್ಪ." ಅದನ್ನು ಕೇಳಿದಾಗಲೆಲ್ಲ ಲಾರಿಯೊಳಗಿನಿಂದಲೇ ಬಂದೆ ಬಂದೆ ಎನ್ನುತ್ತಿದ್ದ. ಬರುತ್ತಿರಲಿಲ್ಲ, ಆ ಮಾತು ಬೇರೆ. ಎಂಜಿನ್ ಏಳುವ ದಿನ ಅಕ್ಕಪಕ್ಕದ ಹೆಂಗಸರು ಶೇಂಗಾ ಸುಲಿಯುವ ನೆಪದಲ್ಲಿ ಮೊರ ತಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಒಂದೊಂದು ಹೆಸರಿಗೂ ನಗೆ. ಕಳಕವ್ವ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಮಗನ ಹೆಸರನ್ನು ಇಷ್ಟು ಹಾಡಿ ಹೊಗಳಿದವರು ಅವನ ನಾಮಕರಣದಲ್ಲೂ ಇರಲಿಲ್ಲ ಎನ್ನುತ್ತಿದ್ದಳು. ಫಕೀರವ್ವನ ಇಡೀ ಸಂಸಾರದಲ್ಲಿ ಅವಳು ಎದೆ ತುಂಬಿ ಸುಖಪಟ್ಟ ದಿನಗಳು ಯಾವುವು ಎಂದರೆ, ಲಾರಿ ಕೆಟ್ಟು ನಿಂತ ದಿನಗಳು. ಇದನ್ನು ಅವಳು ಯಾರಿಗೂ ಹೇಳಿಲ್ಲ. ಗಂಡನ ದುಡಿಮೆ ನಿಂತಾಗ ಸುಖಪಟ್ಟೆ ಎಂದರೆ ಜನ ಏನೆಂದಾರು?

ಒಂದು ಸಲ ಕಳ್ಳ ಸಿಕ್ಕಿಬಿದ್ದ. ಶ್ರಾವಣದ ದಿನ, ಮೋಡ ಮುಸುಕಿತ್ತು, ಗುಡ್ಡದ ಮೇಲಿನ ಗಾಳಿಗಿರಣಿಗಳು ಬಿಟ್ಟೂಬಿಡದೆ ತಿರುಗುತ್ತಿದ್ದವು. ಫಕೀರವ್ವ ಗೋಡೆಯ ಕಡೆ ಮುಖ ಮಾಡಿ ಜಗ್ಗುತ್ತಿದ್ದಳು. ಒಡಪು ಮುಗಿದಾಗಲೆಲ್ಲ ಇನ್ನೊಂದೀಟು, ಇನ್ನೊಂದೀಟು. ಅವಳ ಬತ್ತಳಿಕೆಯಲ್ಲಿ ಒಡಪು ಮುಗಿಯುತ್ತ ಬಂತು, ತೋಳು ಸೋತು ಬಂತು. ಕಡೆಗೆ ಬಾಷಾಸಾಬನೇ ತಡೆಯಲಾರದೆ, "ಏ ಕನಕಾ, ಎಂಜಿನ್ ಕಂಬಿಗೆ ಬಡ್ಯಾಕ ಬಂತು, ಇನ್ನೆಲ್ಲಿಗಿ ಎತ್ತಸ್ತಿ?" ಎಂದ. ಫಕೀರವ್ವ ಹೊರಳಿ ನೋಡಿದಳು. ಎಂಜಿನ್ ಎಂದೋ ಲಾರಿಯನ್ನು ದಾಟಿ ಆಕಾಶಕ್ಕೆ ಹೊರಟಿತ್ತು. ಅದರ ಕೆಳಗೆ ನಿಂತು ಕನಕಪ್ಪ ಮೀಸೆಯಲ್ಲಿ ನಗುತ್ತಿದ್ದ. ಹೆಸರು ಕೇಳುವ ಆಸೆಗೆ ಸುಮ್ಮಸುಮ್ಮನೆ ಎತ್ತಿಸುತ್ತಿದ್ದ. ಅದೂ ಆ ದಿನ ಒಂದೇ ಅಲ್ಲ, ಮೊದಲಿನಿಂದಲೂ.

ಫಕೀರವ್ವ ಚೈನು ಬಿಟ್ಟು ಅಡುಗೆಮನೆಗೆ ಹೋದಳು. ಅಂದು ಅವನಿಗೆ ಬಡಿಸಿದ ರೊಟ್ಟಿಗೆ ಬೆಣ್ಣೆಯೂ ಇಲ್ಲ, ತುಪ್ಪವೂ ಇಲ್ಲ. ಅವನು ತುಟಿ ಪಿಟಕ್ಕೆನ್ನದೆ ಉಂಡು, ಕೈ ತೊಳೆದು, ಬಾಗಿಲಲ್ಲಿ ನಿಂತು, ರೊಟ್ಟಿ ಭಾಳ ಚಲೋ ಆಗಿತ್ತು ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. ಮುಂದಿನ ಸಲವೂ ಅವನು ಇನ್ನೊಂದೀಟು ಎಂದ, ಅವಳು ಗೊತ್ತಿದ್ದೂ ಜಗ್ಗಿದಳು.

ವರ್ಷಗಳು ಲಾರಿಯ ಗಾಲಿಯಂತೆ ಉರುಳಿದವು. ಕಳಕವ್ವ ಹೋದಳು. ಹಾಲೇಶ ಸಾಲೆ ಮುಗಿಸಿ ಊರಿನಲ್ಲೇ ಒಂದು ಟೆಂಪೋ ಹಾಕಿದ. ಹಳೆಯ ಲಾರಿಗೆ ಪರವಾನಗಿ ಮುಗಿಯಿತು. ಅದು ಅಂಗಳದಲ್ಲಿ ಕಮಾನಿನ ಕಡೆ ಮೂತಿ ಮಾಡಿ ನಿಂತಿತು, ಕ್ಯಾಬಿನ್ನಿನಲ್ಲಿ ಕೋಳಿಗಳು ತತ್ತಿ ಇಟ್ಟವು. ಕನಕಪ್ಪ ದಿನಾ ಬೆಳಿಗ್ಗೆ ಅದರ ಗಾಜು ಒರೆಸುತ್ತಿದ್ದ. ಮುಂಗಾರಿನ ಒಂದು ಬೆಳಿಗ್ಗೆ ಗಾಜು ಒರೆಸುತ್ತಲೇ ಕುಸಿದ.

ಆಮೇಲಿನದು ಹೇಳಿದೆನಲ್ಲ. ದವಾಖಾನೆಯಿಂದ ಬಂದ ಮೇಲೆ ಎಲ್ಲರೂ ಕರೆದರು. ಬಾಷಾಸಾಬ ದಿನಾ ಸಂಜೆ ಕೋಲೂರಿಕೊಂಡು ಬಂದು ಏ ಕನಕಾ, ಏ ಕನಕಾ ಎಂದು ಕರೆದ. ಹಾಲೇಶ ಅಪ್ಪಾ ಎಂದ. ರೇಷ್ಮಾ ಮಾವ ಎಂದಳು. ಕನಕಪ್ಪ ಹೊರಳಲಿಲ್ಲ. ಒಂದು ದಿನ ರೇಷ್ಮಾ ಅತ್ತೆಯ ಕೈ ಹಿಡಿದುಕೊಂಡು ಹೇಳಿದಳು: "ಅತ್ತಿ, ಎಲ್ಲಾರೂ ಕರದೀವಿ. ನೀವೊಬ್ರು ಉಳದೀರಿ ನೋಡ್ರಿ."

ಫಕೀರವ್ವ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಪ್ರಯತ್ನಪಟ್ಟಳು. ಕನ ಎಂಬಲ್ಲಿಯವರೆಗೆ ಬಂತು, ಮುಂದೆ ನಾಲಿಗೆ ಹೊರಳಲಿಲ್ಲ. ಮೊದಲೇ ಉಳಿದಿರುವ ಆಯುಷ್ಯ ಒಂದು ಹಿಡಿ, ಅದರಲ್ಲಿ ತಾನೊಂದು ಚಿಟಿಕೆ ತೆಗೆದರೆ? ಹೆದರಿಕೆಯಾಯಿತು. ಕಡೆಗೆ ಒಡಪಿಗೆ ದೋಷವಿಲ್ಲವಲ್ಲ ಎಂದುಕೊಂಡು, ಅವನ ಹಾಸಿಗೆಯ ಪಕ್ಕ ಕೂತು ರೊಟ್ಟಿ ತುಪ್ಪದ ಒಡಪನ್ನೇ ಹೇಳಿದಳು. ಅವನು ಜಂತಿ ನೋಡುತ್ತ ಮಲಗಿದ್ದ. ಕೈಯಲ್ಲಿ ಚೈನಿಲ್ಲದೆ, ಎತ್ತುವುದೇನೂ ಇಲ್ಲದೆ ಹೇಳಿದ ಒಡಪು ಅವಳ ಕಿವಿಗೇ ಸುಳ್ಳೆನಿಸಿತು. ಎದ್ದು ಹೋಗಿ ಕೋಳಿಗೆ ಕಾಳು ಹಾಕಿದಳು. ಮತ್ತೆ ಹೇಳಲಿಲ್ಲ. ಎರಡನೇ ಸಲವೂ ಹೊರಳದಿದ್ದರೆ ಆಸೆ ಪೂರ್ತಿ ಹೋಗುತ್ತದೆ ಎಂದು ಅವಳು ಆ ಎರಡನೇ ಸಲವನ್ನು ಬಚ್ಚಿಟ್ಟುಕೊಂಡಳು.

ಇಂಥ ಹೊತ್ತಿನಲ್ಲಿ ರೋಣದಿಂದ ಐಟಿಐ ಮಾಸ್ತರರೊಬ್ಬರು ಹಾಲೇಶನನ್ನು ಹುಡುಕಿಕೊಂಡು ಬಂದರು. ಹುಡುಗರು ಬಿಚ್ಚಿ ಜೋಡಿಸಿ ಕಲಿಯುವುದಕ್ಕೆ ಒಂದು ಹಳೆಯ ಎಂಜಿನ್ ಬೇಕಿತ್ತು. ಹಾಲೇಶ ಅವ್ವನನ್ನು ಕೇಳಿದ. ಅವಳು, ನಿಮ್ಮಪ್ಪನ್ನ ಕೇಳು ಎಂದಳು. ಅವನು ಹೋಗಿ ಅಪ್ಪನ ಮುಂದೆ ಕೂತು ಕೇಳಿದ. ತಂದೆ ಮಗ ಇಬ್ಬರನ್ನೂ ನೋಡಿ ಫಕೀರವ್ವ ತಾನೇ ಒಪ್ಪಿದಳು. ತುಕ್ಕು ಹಿಡಿದು ಮಣ್ಣಾಗುವುದಕ್ಕಿಂತ ಹತ್ತು ಹುಡುಗರ ಕೈ ಎಣ್ಣೆಯಾಗಲಿ ಎಂದಳು. ಹಾಲೇಶ ಜೆಸಿಬಿ ತರಿಸುವ ಯೋಚನೆಯಲ್ಲಿದ್ದ. ಆದರೆ ಪಕ್ಕದ ಮನೆಯವರು ಓಣಿಗೆ ಮೆಟ್ಟಿಲು ಇಳಿಬಿಟ್ಟಿದ್ದರಿಂದ ಜೆಸಿಬಿ ಒಳಗೆ ಬರುವಂತಿರಲಿಲ್ಲ. ಅಟ್ಟದ ಮೇಲಿನಿಂದ ಚೈನ್ ಪುಲ್ಲಿ ಇಳಿಯಿತು.

ಬಾಷಾಸಾಬನಿಗೆ ಮೊಣಕಾಲು ನೋವು. ಅವನು ಕಟ್ಟೆಯ ಮೇಲೆ ಕನಕಪ್ಪನ ಪಕ್ಕ ಕೂತ, ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿರುವ ತನ್ನ ಮಗ ಮಲಿಕಸಾಬನನ್ನು ಕೆಲಸಕ್ಕೆ ಬಿಟ್ಟ. ಹಾಲೇಶ ಒಂದು ಬದಿ, ಮಲಿಕಸಾಬ ಒಂದು ಬದಿ. ಎಣ್ಣೆ ಇಳಿಸಿದರು, ಪೈಪು ಬಿಚ್ಚಿದರು, ಬೋಲ್ಟುಗಳಿಗೆ ಡೀಸೆಲ್ ಸುರಿದು ನೆನೆಹಾಕಿ ಸಡಿಲಿಸಿದರು. ಎಂಜಿನ್ನಿಗೆ ಸರಪಳಿ ಸುತ್ತಿ ಪುಲ್ಲಿಯ ಕೊಕ್ಕೆಗೆ ಸಿಕ್ಕಿಸಿದ್ದಾಯಿತು. ಚೈನು ಜಗ್ಗಲು ರೇಷ್ಮಾ ಮುಂದೆ ಬಂದಳು. ಫಕೀರವ್ವ ಸೆರಗು ಸಿಕ್ಕಿಸಿಕೊಂಡು ಅದನ್ನು ಅವಳ ಕೈಯಿಂದ ತೆಗೆದುಕೊಂಡಳು.

ಜಗ್ಗಿದಳು. ಕಟಕಟ ಸದ್ದು ಅದೇ. ತೋಳು ಮೊದಲಿನದಲ್ಲ. ಒಡಪು ಹೇಳಲಿಲ್ಲ. ಓಣಿಯ ಅರ್ಧ ಹೆಂಗಸರು ಬಂದು ನಿಂತಿದ್ದರು. ಇವರೆಲ್ಲರ ಎದುರಿಗೆ ಹೇಳಿ, ಅವನು ಗೋಡೆ ನೋಡುತ್ತ ಕೂತರೆ? ಅವಳು ಹಲ್ಲು ಕಚ್ಚಿ ಜಗ್ಗುತ್ತಿದ್ದಳು. ಮಲಿಕಸಾಬ ಚೈನು ಓಡುತ್ತಿರುವಾಗಲೇ ಒಳಗೆ ಕೈ ಹಾಕಿ ಏನೋ ಬಿಡಿಸುವುದು ಅವಳಿಗೆ ಕಂಡಿತು. ಕೈ ತಡೆಯಿತು.

ಕಟ್ಟೆಯ ಮೇಲಿನಿಂದ ಬಾಷಾಸಾಬನೂ ಅದನ್ನು ನೋಡಿದ್ದ. "ತಂಗೀ, ಸುಮ್ಮನ ಜಗ್ಗಬ್ಯಾಡವಾ" ಎಂದ, ದನಿ ತಗ್ಗಿಸಿ. "ಒಮ್ಮಿ ಬೆರಳ ಕೊಟ್ಟದ್ದ ಸಾಕು. ಒಡಪ ಹೇಳು." ಆಮೇಲೆ ಮಗನಿಗೂ ಹಾಲೇಶನಿಗೂ ಗದರಿಸಿ ಹೇಳಿದ, ಹೆಸರು ಬರುವತನಕ ಯಾರೂ ಒಳಗೆ ಕೈ ಹಾಕಕೂಡದು ಎಂದು.

ಇನ್ನು ಹೇಳದೆ ವಿಧಿಯಿರಲಿಲ್ಲ. ಮಕ್ಕಳ ಬೆರಳಿನ ಮಾತು. ಫಕೀರವ್ವ ಹಳೆಯ ಅಭ್ಯಾಸದಂತೆ ಗೋಡೆಯ ಕಡೆ ಮುಖ ತಿರುಗಿಸಿದಳು. ರೊಟ್ಟಿ ತುಪ್ಪದ್ದು ಹೇಳಿದಳು. ಹೆಸರು ಬಂತು, ಎಂಜಿನ್ ನಿಂತಿತು, ಹುಡುಗರು ಕೈ ಹಾಕಿ ಗೇರ್ ಬಾಕ್ಸಿನಿಂದ ಬಿಡಿಸಿದರು. ಕಟ್ಟೆಯ ಕಡೆಯಿಂದ ಏನೂ ಕೇಳಲಿಲ್ಲ. ಎರೆಮಣ್ಣಿನದು ಹೇಳಿದಳು. ಬಂದೆ ಬಂದೆ ಎನ್ನುವವನು ಎನ್ನಲಿಲ್ಲ. ಒಂದೊಂದೇ ಹಳೆಯ ಒಡಪು ಮುಗಿಯಿತು. ಒಂದೊಂದಕ್ಕೂ ಎಂಜಿನ್ ಏರಿತು, ಅವಳ ಎದೆ ಕುಸಿಯಿತು. ಅವಳು ಬಚ್ಚಿಟ್ಟುಕೊಂಡಿದ್ದ ಆಸೆ ಅಂಗಳದ ಮಧ್ಯೆ ಎಲ್ಲರ ಎದುರಿಗೆ ಖರ್ಚಾಗುತ್ತಿತ್ತು. ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಎಂಜಿನ್ ಲಾರಿಯ ಮೂತಿಗಿಂತ ಮೇಲೆ ಬಂದಿತ್ತು. ಹಾಲೇಶ, ಮಲಿಕಸಾಬ, ಓಣಿಯ ನಾಲ್ಕು ಜನ ಸೇರಿ ಲಾರಿಯನ್ನು ಹಿಂದಕ್ಕೆ ನೂಕಿದರು. ಕೋಳಿಗಳು ಕೊಕ್ಕೊಕ್ಕೊ ಎನ್ನುತ್ತ ಕ್ಯಾಬಿನ್ನಿನಿಂದ ಹಾರಿದವು. ಲಾರಿ ಕಿರುಗುಟ್ಟುತ್ತ ಹಿಂದೆ ಸರಿಯಿತು, ಕಮಾನಿನ ಕೆಳಗೆ ಎಂಜಿನ್ ಒಂದೇ ತೂಗುತ್ತ ಉಳಿಯಿತು. ಹಾಲೇಶ ಅದರ ಕೆಳಗೆ ಹಳೆಯ ಟೈರು ಉರುಳಿಸಿ ತಂದು ಮಲಗಿಸಿದ.

"ಸಾಕು ಬೇ ಅವ್ವಾ, ಇನ್ನ ಇಳಸು" ಎಂದ.

ಫಕೀರವ್ವ ಇಳಿಸುವ ಬದಿಯ ಚೈನಿಗೆ ಕೈ ಹಾಕಿದಳು.

"ಇನ್ನೊಂದೀಟು."

ಗಡಿಗೆಯೊಳಗಿನಿಂದ ಬಂದ ಹಾಗೆ ದಪ್ಪ ದನಿ, ನಾಲಿಗೆ ಅರ್ಧ ಹೊರಳಿದ ಮಾತು. ಮಲಿಕಸಾಬ ಯಾರೆಂದು ಸುತ್ತ ನೋಡಿದ. ಎಂಜಿನ್ ಎಷ್ಟು ಬೇಕೋ ಅದಕ್ಕಿಂತ ಮೇಲೇ ಇತ್ತು, ಇನ್ನೂ ಎತ್ತು ಎನ್ನುವ ಮೂರ್ಖ ಯಾರು ಎಂದು ಅವನಿಗೆ ತಿಳಿಯಲಿಲ್ಲ. ಬಾಷಾಸಾಬ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದ. ಅವನ ಪಕ್ಕದಲ್ಲಿ ಕನಕಪ್ಪ ಕಂಬಳಿ ಜಾರಿದ್ದೂ ಗೊತ್ತಿಲ್ಲದೆ ಮುಂದೆ ಬಾಗಿದ್ದ. ಅವನು ಎಂಜಿನ್ನನ್ನು ನೋಡುತ್ತಿರಲಿಲ್ಲ, ಹೆಂಡತಿಯನ್ನು ನೋಡುತ್ತಿದ್ದ. ಮೀಸೆಯ ಒಂದು ತುದಿ, ಲಕ್ವಾ ಬಿಟ್ಟುಕೊಟ್ಟ ತುದಿ, ಸ್ವಲ್ಪ ಮೇಲೆದ್ದಿತ್ತು.

ಹಾಲೇಶ ಏನೋ ಹೇಳಲು ಬಾಯಿ ತೆರೆದ. ರೇಷ್ಮಾ ಅವನ ತೋಳು ಹಿಡಿದು ಸುಮ್ಮನಾಗಿಸಿದಳು.

ಫಕೀರವ್ವನ ಹತ್ತಿರ ಇದ್ದ ಒಡಪೆಲ್ಲ ಮುಗಿದಿದ್ದವು. ಅವಳು ಏರಿಸುವ ಬದಿಯ ಚೈನನ್ನೇ ಮತ್ತೆ ಹಿಡಿದಳು. ಚೈನು ಜಗ್ಗಲು ಶುರು ಮಾಡಿದ ಮೇಲೆ ಮೊದಲ ಸಲ ಗೋಡೆಯ ಕಡೆ ತಿರುಗದೆ ಅವನ ಮುಖವನ್ನೇ ನೋಡುತ್ತ, ಬಾಯಿಗೆ ಬಂದದ್ದನ್ನು ಕಟ್ಟಿ ಹೇಳಿದಳು.

"ಕಾಸಿ ಆರಿಸಿದ ಹಾಲಿಗಿ ಹನಿ ಸಾಕ ಹೆಪ್ಪ, ಕೇಳಿದಷ್ಟ ಸಲ ಹೇಳತೀನಿ, ಕೇಳ್ರಿ ಕನಕಪ್ಪ."

ಹೆಸರು ಬಂದಲ್ಲಿ ಎಂಜಿನ್ ನಿಂತಿತು. ಫಕೀರವ್ವ ಚೈನು ಬಿಡದೆ, ಕಟ್ಟೆಯ ಕಡೆ ಕಿವಿ ಕೊಟ್ಟು ನಿಂತಳು.